ಸೆರೆ ಕುಡಿದ ದೋಣಿ

ಪೆಟ್ರೋಲಿಗೂ ಸಿಟ್ಟು ಬರುತ್ತದೆ ಎಂದು ನನಗೆ ಹೇಳಿಕೊಟ್ಟವರು ನಮ್ಮ ಮನೆಯವರು. ಅಗ್ಗದ ಪೆಟ್ರೋಲು ಎಂಜಿನ್ನಿನೊಳಗೆ ಸ್ವಲ್ಪ ಒತ್ತಡ ಬಿದ್ದರೆ ಸಾಕು, ಕಿಡಿ ಬರುವ ಮೊದಲೇ ತನ್ನಷ್ಟಕ್ಕೆ ಭಗ್ಗನೆ ಹತ್ತಿಕೊಳ್ಳುತ್ತದೆ. ಆಗ ಒಳಗೆ ಯಾರೋ ಸುತ್ತಿಗೆ ಹಿಡಿದು ಬಡಿದ ಹಾಗೆ ಟಣಟಣ ಸದ್ದು. ಒಳ್ಳೆಯ ಪೆಟ್ರೋಲು ಎಷ್ಟು ಒತ್ತಿದರೂ ಕಿಡಿ ಬರುವ ತನಕ ತಡೆದುಕೊಂಡಿರುತ್ತದೆ. ಆ ತಡೆದುಕೊಳ್ಳುವ ಗುಣಕ್ಕೆ ಆಕ್ಟೇನ್ ಎಂದು ಹೆಸರಂತೆ. "ನಮ್ಮ ಮನ್ಯಾಗ ಅವ್ವಂದು ನೂರ ಆಕ್ಟೇನು, ನಿಂದು ನಲವತ್ತ" ಎಂದು ಹೇಳಿ ಅವರು ನಕ್ಕಾಗ, ನಾನು ರೊಟ್ಟಿಯ ಹಿಟ್ಟನ್ನು ಪರಾತಕ್ಕೆ ಕುಕ್ಕಿ, ಆ ಹೊತ್ತಿನ ರೊಟ್ಟಿಯನ್ನು ಅವರೇ ತಟ್ಟಿಕೊಳ್ಳಲಿ ಎಂದು ಎದ್ದು ಹೋಗಿದ್ದೆ. ಅವರ ಮಾತು ಸುಳ್ಳಲ್ಲ ಎಂದು ಅದರಿಂದಲೇ ಗೊತ್ತಾಯಿತು.

ನಾನು ಮದುವೆಯಾಗಿ ಮಸಗುಪ್ಪಿಗೆ ಬಂದಾಗ ದೇಶಕ್ಕೆ ಸ್ವಾತಂತ್ರ್ಯ ಬಂದು ಹೆಚ್ಚು ಕಾಲ ಆಗಿರಲಿಲ್ಲ. ನಮ್ಮದು ಘಟಪ್ರಭೆಯ ದಂಡೆಯ ಜೈನರ ಒಕ್ಕಲುತನದ ಮನೆ. ಹೊತ್ತು ಮುಳುಗುವುದರೊಳಗೆ ಊಟ, ಕುಡಿಯುವ ನೀರು ಸೋಸಲು ಎರಡು ಪದರದ ಬಟ್ಟೆ, ಗಡ್ಡೆ ಗೆಣಸು ಹೊಸ್ತಿಲು ದಾಟುವಂತಿಲ್ಲ. ಅಂಥ ಮನೆಯ ಮಗ ಯುದ್ಧದ ಕಾಲದಲ್ಲಿ ಪುಣೆಗೆ ಹೋಗಿ ಮಿಲಿಟರಿ ಗಾಡಿಗಳನ್ನು ರಿಪೇರಿ ಮಾಡುವ ಕಾರಖಾನೆ ಸೇರಿದ್ದರು. "ನಾ ಬಂದೂಕ ಹಿಡಿದಾವಲ್ಲವ್ವಾ, ನಟ್ಟು ಬಿಚ್ಚೂ ಪಾನಾ ಹಿಡಿದಾವ" ಎಂದು ತಾಯಿಯನ್ನು ಸಮಾಧಾನ ಮಾಡಿದ್ದರಂತೆ. ಯುದ್ಧ ಮುಗಿದ ಮೇಲೆ ಮಿಲಿಟರಿ ಸಾಮಾನು ಹರಾಜಿಗೆ ಬಂತು. ಬೇರೆಯವರು ಕಂಬಳಿ, ಹಿತ್ತಾಳೆ ಹಂಡೆ ಹಿಡಿದುಕೊಂಡು ಊರಿಗೆ ಬಂದರೆ ಇವರು ಒಂದು ದೋಣಿಯ ಎಂಜಿನ್ನು ಹೇರಿಕೊಂಡು ಬಂದರು. ಸಮುದ್ರದಲ್ಲಿ ಬಾಣದ ಹಾಗೆ ಹೋಗುವ ಮಿಲಿಟರಿ ದೋಣಿಯದು. ನಾನು ಬರುವ ಹೊತ್ತಿಗೆ ಅದು ದನದ ಕೊಟ್ಟಿಗೆಯಲ್ಲಿ ಗೋಣಿತಟ್ಟು ಹೊದ್ದು ಕೂತಿತ್ತು. ಎಮ್ಮೆಗಳಿಗೂ ಅದು ರೂಢಿಯಾಗಿತ್ತು.

ಈ ಹುಚ್ಚಿನ ಹಿಂದೆ ಒಬ್ಬ ಹೆಣ್ಣುಮಗಳಿದ್ದಳು. ಹುಬ್ಬೇರಿಸುವುದು ಬೇಡ, ಅವಳು ನನ್ನ ನಾದಿನಿ, ಇವರ ಒಬ್ಬಳೇ ತಂಗಿ. ಅವಳನ್ನು ಕೊಟ್ಟದ್ದು ಹೊಳೆಯ ಆಚೆ, ಗೋಕಾಕದ ಮಗ್ಗುಲಿನ ಊರಿಗೆ. ಬೇಸಿಗೆಯಲ್ಲಾದರೆ ಸೀರೆ ಎತ್ತಿ ಹಿಡಿದು ನಡೆದೇ ಬರಬಹುದು. ಆದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬವೆಂದರೆ ಪಂಚಮಿ. ಅದು ಬರುವುದು ಶ್ರಾವಣದಲ್ಲಿ, ಹೊಳೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುವಾಗ. ಅಂಬಿಗರು ದೋಣಿಯನ್ನು ಮರಕ್ಕೆ ಕಟ್ಟಿ ಮನೆ ಸೇರುತ್ತಿದ್ದರು. ಸುತ್ತು ಬಳಸಿ ಹೋಗುವ ದಾರಿಗಳ ಮೇಲೂ ನೀರು. ಹೀಗಾಗಿ ಮದುವೆಯಾದಂದಿನಿಂದ ನಾದಿನಿ ಒಂದೇ ಒಂದು ಪಂಚಮಿಗೂ ಬಂದಿರಲಿಲ್ಲ. ಅತ್ತೆ ಪ್ರತಿ ವರ್ಷ ಮಗಳ ಪಾಲಿನ ಶೇಂಗಾದ ಉಂಡಿ, ತಂಬಿಟ್ಟಿನ ಉಂಡಿಗಳನ್ನು ಡಬ್ಬಿಗೆ ತುಂಬಿಡುತ್ತಿದ್ದರು. ನೀರು ಇಳಿದ ಮೇಲೆ ಅವು ಆಚೆ ಹೋಗುತ್ತಿದ್ದವು, ಆ ಹೊತ್ತಿಗೆ ಕಲ್ಲಾಗಿರುತ್ತಿದ್ದವು. ಪಂಚಮಿಯ ದಿನ ಊರಿನ ಹುಡುಗಿಯರೆಲ್ಲ ಬೇವಿನ ಮರದ ಜೋಕಾಲಿ ಜೀಕುವಾಗ ಅತ್ತೆ ಹೊಳೆಯ ಕಡೆ ಬೆನ್ನು ಮಾಡಿ ಕೂಡುತ್ತಿದ್ದರು.

ತಂಗಿಯನ್ನು ಒಂದು ಪಂಚಮಿಗಾದರೂ ಕರೆತಂದು ಅವ್ವನ ಮುಂದೆ ಕೂರಿಸಬೇಕು ಎಂಬುದೇ ಇವರ ಹಟ. ಹುಟ್ಟು ಹಾಕಿ ದಾಟಲಾಗದ ಸೆಳವನ್ನು ಎಂಜಿನ್ನು ದಾಟುತ್ತದೆ ಎಂದು ಇವರ ಲೆಕ್ಕ. ಬಡಿಗನನ್ನು ಕೂರಿಸಿಕೊಂಡು ಗಟ್ಟಿ ದೋಣಿ ಮಾಡಿಸಿದರು, ಎಂಜಿನ್ನು ಕೂರಿಸಿದರು, ಬೇಸಿಗೆಯ ಮಡುವಿನಲ್ಲಿ ಚಾಲೂ ಮಾಡಿದರು. ಎಂಜಿನ್ನು ಟಣಟಣ ಎಂದು ಬಡಿದುಕೊಂಡಿತು, ಹೊಗೆ ಉಗುಳಿತು, ಕಾದು ಕೆಂಡವಾಗಿ ನಿಂತಿತು. ಅದು ಒಳ್ಳೆಯ ಪೆಟ್ರೋಲು ಕುಡಿದು ಬೆಳೆದ ಎಂಜಿನ್ನು. ನಮ್ಮ ಕಡೆ ಸಿಗುತ್ತಿದ್ದುದು ಲಾರಿಗಳಿಗೆ ಹಾಕುವ ಪೆಟ್ರೋಲು, ಅದರಲ್ಲೂ ಅರ್ಧ ಸೀಮೆಎಣ್ಣೆ ಇರುತ್ತಿತ್ತೆಂದು ಇವರ ಅನುಮಾನ. ಬೆಳಗಾವಿಯಲ್ಲಿ ಯಾರನ್ನೋ ಕೇಳಿದರೆ, ವಿಮಾನಕ್ಕೆ ಹಾಕುವ ಪೆಟ್ರೋಲು ತಂದು ಹಾಕು ಅಂದರಂತೆ. ಜೋಳ ಬೆಳೆಯುವ ಮನೆಗೆ ಹೇಳುವ ಮಾತೇ ಅದು? ಒತ್ತಡ ಇಳಿಸಿ ಎಂಜಿನ್ನನ್ನು ಸ್ವಲ್ಪ ಸೌಮ್ಯ ಮಾಡಿದ್ದರೆ ಬಡಿತ ನಿಲ್ಲುತ್ತಿತ್ತು, ಆದರೆ ಶ್ರಾವಣದ ಹೊಳೆಗೆ ಎದುರಾಗುವ ಬಲ ಉಳಿಯುತ್ತಿರಲಿಲ್ಲ. ಆದ್ದರಿಂದ ಇದ್ದ ಪೆಟ್ರೋಲನ್ನೇ ಕಡಿಮೆ ಖರ್ಚಿನಲ್ಲಿ ಒಳ್ಳೆಯದು ಮಾಡುವ ದಾರಿ ಹುಡುಕಬೇಕಾಯಿತು.

ಮೊದಲ ದಾರಿ ನನ್ನ ಟ್ರಂಕಿನೊಳಗೆ ಹಾದು ಹೋಯಿತು. ಪೆಟ್ರೋಲಿನಲ್ಲಿ ನುಸಿಗುಳಿಗೆ ಕರಗಿಸಿದರೆ ಆಕ್ಟೇನ್ ಏರುತ್ತದೆ ಎಂದು ಪುಣೆಯಲ್ಲಿ ಕೇಳಿದ್ದರಂತೆ. ಗೋಕಾಕದ ಪೇಟೆಯಿಂದ ತಂದದ್ದು ಸಾಲದೆ, ನನ್ನ ಧಾರೆಯ ಸೀರೆಯ ಮಡಿಕೆಗಳಲ್ಲಿ ನಾನಿಟ್ಟಿದ್ದ ಗುಳಿಗೆಗಳನ್ನೂ ಆರಿಸಿಕೊಂಡು ಹೋಗಿದ್ದರು. ಬಡಿತ ಸ್ವಲ್ಪ ಇಳಿಯಿತು, ಆದರೆ ಎಂಜಿನ್ನಿನ ಪ್ಲಗ್ಗುಗಳಿಗೆಲ್ಲ ಮಸಿ ಹಿಡಿಯಿತು. ನನ್ನ ಸೀರೆಯ ಸೆರಗಿಗೆ ನುಸಿ ಹಿಡಿಯಿತು. ದೀಪಾವಳಿಗೆ ಸೀರೆ ತೆಗೆದು ಬಿಡಿಸಿದರೆ ಜರಡಿ. ನನ್ನ ನಲವತ್ತು ಆಕ್ಟೇನು ಅವತ್ತು ಪೂರ್ತಿ ಹತ್ತಿಕೊಂಡಿತು. ಇವರು ತಲೆ ತಗ್ಗಿಸಿ ಕೇಳಿದರು, ಕೇಳಿ ಮುಗಿದ ಮೇಲೆ "ಖರೆ ಹೇಳತೇನಿ, ಬಡಿತ ಭಾಳ ಕಡಿಮಿ ಆತು ನೋಡ" ಅಂದರು. ಇಂಥವರ ಜೊತೆ ಜಗಳ ಆಡುವುದಾದರೂ ಹೇಗೆ?

ಎರಡನೆಯ ದಾರಿ ತೋರಿಸಿದ್ದು ಹುಕ್ಕೇರಿ ಕಡೆಯ ಹತ್ತರಗಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಇವರ ಹಳೆಯ ಗೆಳೆಯ. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಸ್ಪಿರಿಟ್ಟು ಕೂಡಿಸುತ್ತಿದ್ದರಲ್ಲ, ಅದನ್ನೇ ಮಾಡು ಎಂದನಂತೆ. ಸ್ಪಿರಿಟ್ಟು ಅಂದರೆ ಏನು? ಸೆರೆಯ, ಎಂದರೆ ಸಾರಾಯಿಯ, ಸಾರ. ಕಬ್ಬು ಬೆಳೆಯುವ ನಾಡಿನಲ್ಲಿ ಬೆಲ್ಲಕ್ಕೇನು ಬರ? ಆದರೆ ನಾವು ಆಗ ಮುಂಬಯಿ ರಾಜ್ಯಕ್ಕೆ ಸೇರಿದ್ದವರು, ಎಲ್ಲೆಲ್ಲೂ ದಾರೂಬಂದಿ. ಗುಡ್ಡದ ಮರೆಯಲ್ಲಿ ಬೆಲ್ಲದ ಸೆರೆ ಕಾಯಿಸುವವರಿದ್ದರು. ಇವರು ಹಾಲಿನ ಕ್ಯಾನಿನಲ್ಲಿ ತುಂಬಿಸಿಕೊಂಡು ಹುಲ್ಲಿನ ಗಾಡಿಯಲ್ಲಿಟ್ಟು ತಂದರು. ನೀರನ್ನೇ ಸೋಸಿ ಕುಡಿಯುವ ವಂಶದ ಮಗ ಸೆರೆ ಹೊತ್ತು ತಂದದ್ದನ್ನು ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತಂದ ಸೆರೆಯಲ್ಲಿ ನೀರೇ ಹೆಚ್ಚು. ಹೊಲದ ಗುಡಿಸಲಿನಲ್ಲಿ ತಾಮ್ರದ ಕೊಡ ಹೂಡಿ ಮತ್ತೆ ಮತ್ತೆ ಬಟ್ಟಿ ಇಳಿಸಿದರು. ಕೊನೆಗೆ ನೀರು ಮುಟ್ಟಿಸದ ಸುಟ್ಟ ಸುಣ್ಣದ ಕಲ್ಲುಗಳನ್ನು ಅದರಲ್ಲಿ ಹಾಕಿ ಮುಚ್ಚಿಟ್ಟರು. ಉಳಿದ ನೀರನ್ನೆಲ್ಲ ಸುಣ್ಣ ಹೀರಿಕೊಳ್ಳುತ್ತದಂತೆ. "ಇದರ ಜೀವಾನ ನೀರಿನ ವೈರತ್ವದಾಗ ಐತಿ" ಎಂದು ನನಗೂ ಅಂಬಿಗರಿಗೂ ತೋರಿಸಿಕೊಟ್ಟರು. ಒಂದು ಸೀಸೆಯಲ್ಲಿ ಪೆಟ್ರೋಲು ಮತ್ತು ಸಾರ ಕೂಡಿಸಿದರು, ಎರಡೂ ಒಂದಾಗಿ ತಿಳಿಯಾಗಿ ನಿಂತವು. ಅದಕ್ಕೆ ಬೆರಳಿನಿಂದ ನಾಲ್ಕಾರು ಹನಿ ನೀರು ಉದುರಿಸಿ ಅಲ್ಲಾಡಿಸಿದರೆ ಸೀಸೆಯೆಲ್ಲ ಮಬ್ಬು. ಸ್ವಲ್ಪ ಹೊತ್ತಿಗೆ ಮೇಲೆ ಪೆಟ್ರೋಲು, ತಳದಲ್ಲಿ ಒಂದಾಗಿ ಕೂಡಿಕೊಂಡ ನೀರು ಮತ್ತು ಸೆರೆ. ಎಂಜಿನ್ನು ಕುಡಿಯುವುದು ತಳದಿಂದ. "ಆ ತಳದ್ದು ಹೋದ್ರ ಎಂಜಿನ್ ಅಲ್ಲೇ ಸಾಯತೈತಿ" ಅಂದರು. ಅಂಬಿಗರು ಸೀಸೆ ನೋಡಿ ತಲೆಯಾಡಿಸಿದರು.

ಅದೇ ಮಾತನ್ನು ಇವರು ತಮ್ಮ ಅವ್ವನಿಗೆ ಮಾತ್ರ ಹೇಳಲಿಲ್ಲ. ಹೇಳಬೇಕಾದರೆ ಆಕೆಯ ಎದುರು ಕೂತು, ಸೆರೆಗೆ ನೀರು ಕೂಡಬಾರದು ಎಂದು ಬಾಯಿಬಿಟ್ಟು ಹೇಳಬೇಕಿತ್ತು. ನಮ್ಮ ಮನೆಯಲ್ಲಿ ಆ ಪದವನ್ನು ಹಿರಿಯರ ಮುಂದೆ ಉಚ್ಚರಿಸುವ ರೂಢಿಯೇ ಇರಲಿಲ್ಲ.

ಆದರೆ ವಾಸನೆಗೆ ಯಾರ ಮುಲಾಜು? ಒಂದು ಮಧ್ಯಾಹ್ನ ಇವರು ಊಟಕ್ಕೆ ಬಂದು ಕೂತಾಗ ಅತ್ತೆ ಬಡಿಸುತ್ತಿದ್ದ ಕೈ ನಿಲ್ಲಿಸಿದರು.

"ಏನೋ ತಮ್ಮಾ, ಎಲ್ಲಿಂದ ಬರಾಕತ್ತಿ?"

"ಹೊಲದಿಂದವ್ವಾ. ಎಂಜಿನ್ನಿನ ಎಣ್ಣಿ ವಾಸನಿ ಅದು."

"ನನಗ ಎಣ್ಣಿ ಯಾವುದು, ಸೆರಿ ಯಾವುದು ತಿಳಿಯೂದಿಲ್ಲೇನು? ಸೆರಿ ಕುಡದ ದೋಣ್ಯಾಗ ನನ್ನ ಮಗಳು ಕುಂತ ಬರಬೇಕೇನು?"

"ನಾ ಕುಡದಿಲ್ಲವ್ವಾ. ಕುಡಿಯೂದು ಎಂಜಿನ್ನು."

"ಕುಡಿಯಾವ್ರು ಹಿಂಗ ಯಾರದರ ಮ್ಯಾಲೆ ಹಾಕತಾರ."

ಅಷ್ಟು ಹೇಳಿ ಒಳಗೆ ಹೋದ ಅತ್ತೆ ಎಷ್ಟೋ ದಿನ ಮಗನ ಜೊತೆ ಮಾತಾಡಲಿಲ್ಲ. ಇವರು ಹೊರಗೆ ಸ್ನಾನ ಮಾಡಿಯೇ ಒಳಗೆ ಬರಬೇಕು, ತಟ್ಟೆ ಬೇರೆ. ಅಷ್ಟರಲ್ಲಿ ಮೊದಲ ಮಳೆ ಬಿದ್ದು ಹೊಳೆ ಸ್ವಲ್ಪ ಏರಿತು. ಇವರು ಬೆರಕೆ ಪೆಟ್ರೋಲು ತುಂಬಿ ದೋಣಿ ಬಿಟ್ಟರು. ಬಡಿತವಿಲ್ಲ, ಹೊಗೆಯಿಲ್ಲ, ಒಂದೇ ಸಮನೆ ಗುಂಯ್ ಎನ್ನುವ ಸದ್ದು. ನೋಡನೋಡುತ್ತ ಆಚೆ ದಂಡೆ ಮುಟ್ಟಿ, ತಂಗಿಯ ಮಾವನವರ ಕೈಯಿಂದ ವೀಳ್ಯದೆಲೆ ತಿಂದು ತಿರುಗಿ ಬಂದರು. ಇಂಥ ದೋಣಿಯಾದರೆ ಪಂಚಮಿಗೆ ಸೊಸೆಯನ್ನು ಕಳಿಸುತ್ತೇವೆ ಎಂದು ಆ ಹಿರಿಯರು ಮಾತು ಕೊಟ್ಟಿದ್ದರು. ಆ ಸುದ್ದಿ ಕೇಳಿದ ಅತ್ತೆ ಎದ್ದು ಉಂಡಿಯ ಡಬ್ಬಿ ತೆಗೆದಿಟ್ಟರು. ಆಮೇಲೆ "ನಿನ್ನ ಎಂಜಿನ್ ಏನರ ಕುಡೀಲಿ ತಮ್ಮಾ, ನನ್ನ ಮಗಳು ಬಂದ್ರ ಸಾಕು" ಅಂದರು. ನಮಗೆ ಆದ ಸಂತೋಷ ಹೇಳತೀರದು. ಆಕೆ ಮನಸ್ಸಿನಲ್ಲಿ ಬೇರೆ ಒಂದು ಉಪಾಯ ಕಟ್ಟಿಕೊಂಡೇ ಹಾಗೆ ಹೇಳಿದ್ದರೆಂದು ಆಗ ಯಾರಿಗೆ ಗೊತ್ತು?

ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಹೊಳೆ ತುಂಬಿ ಹರಿಯುತ್ತಿತ್ತು. ಅರ್ಧ ಊರು ದಂಡೆಗೆ ಬಂದಿತ್ತು. ಆಚೆ ದಂಡೆಯಲ್ಲಿ ಒಂದು ಹಸಿರು ಸೀರೆ, ಬಾಜೂಕ್ಕೆ ತಲೆಗೆ ಸುತ್ತಿದ ಒಂದು ಬಿಳಿ ಪಟಕ. ನಾದಿನಿ ಮತ್ತು ಅವಳ ಮಾವ ಎಂದು ಎಲ್ಲರಿಗೂ ಗೊತ್ತಾಯಿತು. ಜೈನರಾದರೇನು, ದಂಡೆಯ ಮೇಲೆ ಬಾಳುವವರು ಗಂಗವ್ವನಿಗೆ ಉಡಿ ತುಂಬದೆ ದೋಣಿ ಬಿಡುವಂತಿಲ್ಲ. ನಾನು ಹೆಂಗಸರ ಜೊತೆ ನೀರಿನಂಚಿಗೆ ಹೋಗಿ ಅಕ್ಕಿ, ಕುಪ್ಪಸದ ಬಟ್ಟೆ, ಕಾಯಿ ಇಟ್ಟು ಪೂಜೆ ಮಾಡುತ್ತಿದ್ದೆ. ಇವರು ಟಾಕಿಗೆ ಪೆಟ್ರೋಲು ತುಂಬಿ, ಮುಚ್ಚಳ ಹಾಕುವಷ್ಟರಲ್ಲಿ ಊರಿನ ಹಿರಿಯರು ಕರೆದರೆಂದು ಕೆಳಗಿಳಿದು ಹೋಗಿದ್ದರು. ಅತ್ತೆ ದೋಣಿಗೆ ಅರಿಷಿಣ ಕುಂಕುಮ ಹಚ್ಚುತ್ತಿದ್ದರು. ಸೆರಗಿನೊಳಗೆ ಏನೋ ಹಿಡಿದಿದ್ದರು ಎಂದು ಆಮೇಲೆ ಹಲವರು ಹೇಳಿದರು.

ದೋಣಿ ಹೊರಟಿತು. ಇವರು, ಇಬ್ಬರು ಅಂಬಿಗರು. ಅದೇ ಗುಂಯ್ ಸದ್ದು. ಸೆಳವಿಗೆ ಅಡ್ಡಲಾಗಿ, ನೀರು ಸೀಳಿಕೊಂಡು, ಆಚೆಯ ಹಸಿರು ಸೀರೆಯ ಕಡೆಗೇ ಹೋಗುತ್ತಿತ್ತು. ನಾದಿನಿ ಕೈ ಎತ್ತಿದ್ದು ಕಾಣಿಸಿತು. ಹೊಳೆಯ ನಡುವೆ, ಇನ್ನು ಅರ್ಧ ಉಳಿಯಿತು ಅನ್ನುವಾಗ, ಸದ್ದು ಮುಕ್ಕಿತು. ಒಮ್ಮೆ ಕೆಮ್ಮಿತು, ನಿಂತಿತು. ಹೊಳೆಯ ಸಪ್ಪಳ ಬಿಟ್ಟರೆ ಬೇರೆ ಏನೂ ಕೇಳಿಸಲಿಲ್ಲ. ದೋಣಿ ಒಂದು ಸುತ್ತು ತಿರುಗಿತು, ಆಮೇಲೆ ಹೊಳೆ ಅದನ್ನು ಎತ್ತಿಕೊಂಡು ಹೊರಟಿತು. ನಾವು ದಂಡೆಗುಂಟ ಓಡಿದೆವು. ಉಡಿಯ ಅಕ್ಕಿ ನನ್ನ ಕೈಯಲ್ಲೇ ಇತ್ತು, ಎಲ್ಲಿ ಚೆಲ್ಲಿತೋ ಗೊತ್ತಿಲ್ಲ. ಅತ್ತೆ ಓಡಲಾರದೆ ಕೂತಲ್ಲಿಂದಲೇ ಪಂಚನಮಸ್ಕಾರ ಮಂತ್ರ ಹೇಳುತ್ತಿದ್ದರು. ಊರ ಕೆಳಗಿನ ತಿರುವಿನಲ್ಲಿ ನೀರಲ್ಲಿ ಮುಳುಗಿದ್ದ ಜಾಲಿಮರಗಳ ಸಾಲಿಗೆ ದೋಣಿ ಸಿಕ್ಕಿತು. ಅಂಬಿಗರು ಟೊಂಗೆ ಹಿಡಿದರು, ಜನ ಹಗ್ಗ ಎಸೆದರು. ಮೂವರೂ ಮೈತುಂಬ ಮುಳ್ಳು ತರಚಿಸಿಕೊಂಡು ನಮ್ಮ ದಂಡೆಗೇ ಬಂದರು.

ಪೆಟ್ರೋಲು ಬರುವ ನಳಿಗೆಯಲ್ಲಿ ಒಂದು ಗಾಜಿನ ಬಟ್ಟಲು ಇರುತ್ತಿತ್ತು, ಕಸ ನೀರು ಅದರ ತಳದಲ್ಲಿ ನಿಲ್ಲಲೆಂದು. ಇವರು ಹಾಗೇ ಒದ್ದೆ ಬಟ್ಟೆಯಲ್ಲಿ ದೋಣಿಯೊಳಗೆ ಬಾಗಿ ಆ ಬಟ್ಟಲು ಬಿಚ್ಚಿದರು. ನಾನು ಪಕ್ಕದಲ್ಲೇ ಇದ್ದೆ. ಬಟ್ಟಲ ತುಂಬ ಹಳದಿ ನೀರು, ಅದರಲ್ಲಿ ಕೇಸರಿಯ ಒಂದು ಎಳೆ. ಮೂಗಿನ ಹತ್ತಿರ ತಂದರೆ ಗಂಧದ ವಾಸನೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಬಸದಿಯಲ್ಲಿ ಸ್ವಾಮಿಗೆ ಅಭಿಷೇಕವಾದ ಮೇಲೆ ನಾವು ಕಣ್ಣಿಗೆ, ನೆತ್ತಿಗೆ ಹಚ್ಚಿಕೊಳ್ಳುವ ಗಂಧೋದಕ ಅದು. ಬೇರೆ ಯಾವುದಕ್ಕೂ ಆ ಬಣ್ಣ, ಆ ವಾಸನೆ ಇಲ್ಲ.

ಅಷ್ಟರಲ್ಲಿ ಅತ್ತೆಯನ್ನು ಇಬ್ಬರು ಹಿಡಿದುಕೊಂಡು ಕರೆತಂದರು. ಮಗನ ಮೈದಡವಿ, ಮುಖ ಮುಟ್ಟಿ, ಸುತ್ತ ನಿಂತಿದ್ದವರಿಗೆಲ್ಲ ಕೇಳುವಂತೆ ಹೇಳಿದರು. "ನಿನ್ನ ದೋಣಿ ಸೆರಿ ಕುಡದಿತ್ತು ತಮ್ಮಾ, ಗಂಗವ್ವ ಬಿಡತಿದ್ದಳೇನು? ನಾ ಅದು ತಿಳದ ಒಂದ ಗಿಂಡಿ ಗಂಧೋದಕ ಅದರ ಬಾಯಾಗ ಹಾಕಿದ್ದೆ. ಮೈಲಿಗಿ ಹೋಗಲಿ ಅಂತ. ಆ ಸ್ವಾಮಿನ ನಿನ್ನ ಹೊಳ್ಳಿ ಕೊಟ್ಟ."

ದೋಣಿಯನ್ನು ನಿಲ್ಲಿಸಿದ್ದೇ ಆ ಗಂಧೋದಕ ಎಂದು ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಕಿಡಿ ಬೇಕಾಗಿರಲಿಲ್ಲ. ಇವರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಬಟ್ಟಲಿನಲ್ಲಿದ್ದುದನ್ನು ಹೊಳೆಗೆ ಚೆಲ್ಲಿ, "ಹೌದವ್ವಾ, ನಂದ ತಪ್ಪಾತು, ಸೆರ‍್ಯಾಗ ನೀರು ಉಳದಿತ್ತು" ಅಂದರು. ತಾಯಿಯ ಮುಂದೆ ಆ ಪದವನ್ನು ಇವರು ಆಡಿದ್ದು ಅದೊಂದೇ ಸಲ. ಮೊದಲೇ ಆಡಿದ್ದರೆ ಎಂದು ನಾನು ಇವತ್ತಿಗೂ ಹಲುಬುತ್ತೇನೆ.

ಆಚೆ ದಂಡೆಯ ಬಿಳಿ ಪಟಕ ಎಲ್ಲವನ್ನೂ ಕಣ್ಣಾರೆ ಕಂಡಿತ್ತು. ನೀರಿನ ಮೇಲೆ ನಮ್ಮ ಸೊಸೆಯನ್ನು ಇನ್ನು ಕಳಿಸುವುದಿಲ್ಲ ಎಂದು ಆ ಮನೆಯಿಂದ ಹೇಳಿ ಕಳಿಸಿದರು. ತಪ್ಪೆನ್ನಲಾಗದು, ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ನಮ್ಮ ದಂಡೆಯಲ್ಲೂ ಸೆರೆ ಕುಡಿದ ದೋಣಿ ಎಂದು ಹೆಸರು ಬಿತ್ತು, ಹತ್ತುವವರಿಲ್ಲ. ಮುಂದಿನ ಬೇಸಿಗೆಯಲ್ಲಿ ಎಂಜಿನ್ನು ನಿಡಸೋಸಿ ಕಡೆಯ ಒಂದು ತೋಟಕ್ಕೆ ಹೋಯಿತು. ಅಲ್ಲಿ ಅದರ ಒತ್ತಡ ಇಳಿಸಿ, ಸೀಮೆಎಣ್ಣೆ ಕುಡಿಸಿ, ಬಾವಿಯ ನೀರೆತ್ತಲು ಹಚ್ಚಿದರು. ಹುಕ್ಕೇರಿ ಕಡೆ ಹೋದಾಗಲೆಲ್ಲ ಇವರು ಆ ತೋಟದ ಬೇಲಿಯ ಹೊರಗೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಎಂಜಿನ್ನು ಮುದಿ ಎತ್ತಿನ ಹಾಗೆ ಟುಕುಟುಕು ಎನ್ನುತ್ತಿತ್ತು. "ಬಡಿತ ಇಲ್ಲ ನೋಡ" ಅಂದರು. ನನಗೆ ಕಣ್ಣು ತುಂಬಿ ಬಂತು. ಬಸ್ಸು ತಪ್ಪುತ್ತದೆ ನಡೆಯಿರಿ ಎಂದು ಗದರಿಸಿ ಕರೆದುಕೊಂಡು ಬಂದೆ.

ಅತ್ತೆ ಆ ಕಥೆಯನ್ನು ಪ್ರತಿ ಪಂಚಮಿಗೂ ಹೇಳುತ್ತಿದ್ದರು. ಉಂಡಿ ಕಟ್ಟುತ್ತ ಹೇಳುತ್ತಿದ್ದರು, ಬಂದವರಿಗೆ ಕೊಡುತ್ತ ಹೇಳುತ್ತಿದ್ದರು. ಅವತ್ತು ಮಗ ಸೆರೆ ಹಾಕದಿದ್ದರೆ ಮಗಳು ಬಂದೇ ಬರುತ್ತಿದ್ದಳು, ತಾವು ಗಂಧೋದಕ ಹಾಕದಿದ್ದರೆ ಮಗನೂ ಉಳಿಯುತ್ತಿರಲಿಲ್ಲ ಎಂದು. ಎರಡೂ ಮಾತು ಒಂದೇ ಉಸಿರಿಗೆ. ಇವರು ಅಲ್ಲೇ ಕೂತು ಹೌದು ಎಂದು ತಲೆಯಾಡಿಸುತ್ತಿದ್ದರು. ನನಗದು ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಒಮ್ಮೆ ತಡೆಯಲಾರದೆ ಇವರನ್ನು ಹಿತ್ತಲಿಗೆ ಕರೆದು ಕೇಳಿದೆ. "ಎಷ್ಟು ವರ್ಷ ಹಿಂಗ ಬೈಸಿಕೊಳ್ಳಾವ್ರು ನೀವು? ಒಂದ ಸಲ ಹೇಳಿಬಿಡ್ರಿ."

"ಏನಂತ ಹೇಳ್ಲಿ?" ಅಂದರು. "ಮಗಳನ್ನ ತಡದಾಕಿ ನೀನ ಅಂತ ಹೇಳ್ಲೇನು?"

ತಡೆದುಕೊಳ್ಳುವ ಗುಣ ಅವ್ವನಿಗೆ ನೂರು ಎಂದು ಇವರು ಹೇಳಿದ್ದು ತಪ್ಪು ಲೆಕ್ಕ. ಆ ನೂರು ಇವರದೇ.

ಅತ್ತೆ ತೀರಿಕೊಂಡದ್ದೂ ಒಂದು ಮಳೆಗಾಲದಲ್ಲೇ. ಹಾಸಿಗೆ ಹಿಡಿದಾಗ ಮಗನ ಕೈ ಹಿಡಿದು, "ಅವತ್ತ ನಿನಗ ಕೇಳದ ಹಾಕಿದ್ದೆ ನೋಡ ತಮ್ಮಾ, ಸಿಟ್ಟೇನರ ಐತೇನು?" ಎಂದು ಕೇಳಿದರು. "ಅದರಿಂದನ ದಂಡಿ ಕಂಡೆನವ್ವಾ" ಅಂದರು ಇವರು. ಆಕೆ ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಹೊಳೆ ತುಂಬಿತ್ತು, ನಾದಿನಿಗೆ ಸುದ್ದಿ ಮುಟ್ಟಿದ್ದು ನೀರು ಇಳಿದ ಮೇಲೆ.

ಅದಾಗಿ ಕೆಲವು ವರ್ಷಕ್ಕೆ ಹೊಳೆಗೆ ಎತ್ತರದ ಸೇತುವೆಯಾಯಿತು. ಆ ಪಂಚಮಿಗೆ ನಾದಿನಿ ಬಸ್ಸಿನಲ್ಲಿ ಬಂದಿಳಿದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನಾನು ಕಾಲಿಗೆ ನೀರು ಕೊಟ್ಟೆ. ಬೇವಿನ ಮರಕ್ಕೆ ಇವರು ಬೆಳಿಗ್ಗೆಯೇ ಜೋಕಾಲಿ ಕಟ್ಟಿದ್ದರು. ಅವಳು ಅದರ ಹಗ್ಗ ಮುಟ್ಟಿ, ಅತ್ತೆ ಕೂಡುತ್ತಿದ್ದ ಕಟ್ಟೆಯನ್ನು ನೋಡಿ, ಸ್ವಲ್ಪ ಅತ್ತಳು. ಆಮೇಲೆ ಚೀಲದಿಂದ ಒಂದು ಸಣ್ಣ ಗಿಂಡಿ ತೆಗೆದಳು, ಬಾಯಿಗೆ ಬಾಳೆ ಎಲೆ ಕಟ್ಟಿದ್ದಳು.

"ನಮ್ಮೂರ ಬಸದ್ಯಾಂದು ವೈನಿ" ಎಂದು ನನಗೆ ಹೇಳಿದಳು. "ಬಸ್ ಹತ್ತೂ ಮುಂದ ಅದರ ಗಾಲಿಗೂ ನಾಕ ಹನಿ ಹಾಕೇನಿ. ಅವ್ವ ಹಾಕಿದ್ದಳಂತ ಅಲ್ಲೇನು, ಅಣ್ಣ ನಮಗ ಉಳದಾನ." ಅಣ್ಣನ ಕಡೆ ತಿರುಗಿ, "ಹಿಡಿ ಅಣ್ಣಾ, ಕಣ್ಣಿಗೆ ಹಚ್ಚಿಕೋ" ಅಂದಳು.

ಇವರು ಬೊಗಸೆಯೊಡ್ಡಿದರು. ಅವಳು ಗಿಂಡಿ ಬಗ್ಗಿಸಿದಳು. ಅದೇ ಹಳದಿ, ಅದೇ ಗಂಧದ ವಾಸನೆ. ಇವರು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ನಾನು ಉಂಡಿಯ ತಟ್ಟೆ ತಂದಿಟ್ಟೆ, ನಾದಿನಿ ಒಂದು ಉಂಡಿ ಮುರಿದು ಬಾಯಿಗಿಟ್ಟುಕೊಂಡು ಇನ್ನೂ ಮೆತ್ತಗಿದೆ ಎಂದು ಆಶ್ಚರ್ಯಪಟ್ಟಳು. ಇವರು ಕಣ್ಣಿಗೆ ಒತ್ತಿಕೊಂಡ ಕೈಯನ್ನು ಇನ್ನೂ ಕೆಳಗೆ ಇಳಿಸಿರಲಿಲ್ಲ.